ಎಣಿಸಿದ ಊರು, ಕೊಟ್ಟ ಊರು

ಮಹಾರಾಷ್ಟ್ರದ ಉಮರ್ಗಾ ದಾಟಿ ಕರ್ನಾಟಕದೊಳಗೆ ಬರುವ ರಾಷ್ಟ್ರೀಯ ಹೆದ್ದಾರಿ 65 ಬೀದರ್ ಜಿಲ್ಲೆಯ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ, ರಾಜೇಶ್ವರ, ಹುಮನಾಬಾದ್, ಮನ್ನಾಎಖೇಳಿಗಳನ್ನು ಹಾಯ್ದು ಜಹೀರಾಬಾದಿನ ಕಡೆಯಿಂದ ತೆಲಂಗಾಣ ಸೇರುತ್ತದೆ. ಪುಣೆ, ಸೊಲ್ಲಾಪುರ, ಹೈದರಾಬಾದ್‌ಗಳ ಸರಕು ಹಗಲು ರಾತ್ರಿ ಹರಿಯುವ ದಾರಿ ಇದು. ಈ ದಾರಿಯಲ್ಲಿ ಹುಮನಾಬಾದಿನ ಬಂಕೊಂದರಲ್ಲಿ ಲಾರಿಗೆ ಬೀಳುವ ಒಂದು ಲೀಟರ್ ಡೀಸೆಲ್ಲನ್ನು ಬಿಡಿಸಿ ನೋಡೋಣ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಅಬಕಾರಿ ಸುಂಕ ಲೀಟರಿಗೆ 17 ರೂಪಾಯಿ 80 ಪೈಸೆ ಆಯಿತು. ಅದೇ ತಿಂಗಳು ರಾಜ್ಯದ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಏರಿತು. ಲೀಟರಿನ ಬೆಲೆ 91 ರೂಪಾಯಿ ಎಂದು ಹಿಡಿದರೆ ಅದರಲ್ಲಿ ರಾಜ್ಯದ ತೆರಿಗೆ ಹೆಚ್ಚುಕಡಿಮೆ 15 ರೂಪಾಯಿ 90 ಪೈಸೆ. ಎರಡೂ ಸೇರಿ 33 ರೂಪಾಯಿ 70 ಪೈಸೆ, ಅಂದರೆ ನೂರು ರೂಪಾಯಿಯ ಡೀಸೆಲ್‌ನಲ್ಲಿ 37 ರೂಪಾಯಿ ತೆರಿಗೆ. 300 ಲೀಟರ್ ತುಂಬಿಸಿಕೊಂಡ ಲಾರಿ ಒಂದೇ ನಿಲುಗಡೆಯಲ್ಲಿ ಹತ್ತು ಸಾವಿರ ರೂಪಾಯಿಗೂ ಹೆಚ್ಚು ತೆರಿಗೆ ಕೊಟ್ಟು ಮುಂದೆ ಹೋಗುತ್ತದೆ. ಆದರೆ ಬೀದರ್ ಜಿಲ್ಲೆಯಲ್ಲಿ ಎಷ್ಟು ತೆರಿಗೆ ವಸೂಲಾಯಿತು ಎಂಬ ಪಟ್ಟಿಯಲ್ಲಿ ಈ ಹತ್ತು ಸಾವಿರ ಕಾಣಿಸುವುದಿಲ್ಲ. ಕೇಂದ್ರದ ಸುಂಕವನ್ನು ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಬಾಗಿಲಲ್ಲೇ ಕಟ್ಟಲಾಗಿರುತ್ತದೆ. ರಾಜ್ಯದ ತೆರಿಗೆಯನ್ನು ಎಣ್ಣೆ ಕಂಪನಿ ಮೊದಲ ಮಾರಾಟದ ಹಂತದಲ್ಲೇ ಕಟ್ಟಿರುತ್ತದೆ. ಹುಮನಾಬಾದಿನ ಬಂಕು ಆ ಹಣವನ್ನು ಗಿರಾಕಿಯಿಂದ ಮರಳಿ ಪಡೆಯುವ ಜಾಗ ಮಾತ್ರ. ತೆರಿಗೆಯ ಬಗ್ಗೆ ನಾವು ನೋಡುವ ಬಹುಪಾಲು ಚಾರ್ಟುಗಳು ಹಣ ಎಲ್ಲಿ ಎಣಿಕೆಯಾಯಿತು ಎಂಬುದನ್ನು ತೋರಿಸುತ್ತವೆ. ಯಾರ ಜೇಬಿನಿಂದ ಹೊರಬಿತ್ತು ಎಂಬುದು ಅವುಗಳಲ್ಲಿ ಇರುವುದಿಲ್ಲ. ಈ ಎರಡನ್ನೂ ಒಂದೇ ಎಂದು ಓದಿದ್ದರಿಂದ ಬಡವರ ಬಗ್ಗೆಯೂ ಹಿಂದುಳಿದ ಜಿಲ್ಲೆಗಳ ಬಗ್ಗೆಯೂ ತಪ್ಪು ತೀರ್ಮಾನಗಳು ನಮ್ಮಲ್ಲಿ ಬೇರೂರಿವೆ ಎಂಬುದು ಈ ಲೇಖನದ ವಾದ.

ಎಲ್ಲರಿಗೂ ಪರಿಚಿತವಾದ ಒಂದು ಚಾರ್ಟಿನಿಂದಲೇ ಶುರುಮಾಡಬಹುದು. 2022–23ರಲ್ಲಿ 7.40 ಕೋಟಿ ಜನ ಆದಾಯ ತೆರಿಗೆ ವಿವರ ಸಲ್ಲಿಸಿದರು, ಅವರಲ್ಲಿ 5.16 ಕೋಟಿ ಜನರ ತೆರಿಗೆ ಸೊನ್ನೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಉಳಿದವರು 2.24 ಕೋಟಿ. 140 ಕೋಟಿ ಜನಸಂಖ್ಯೆಯ ಮುಂದೆ ಇದು ನೂರಕ್ಕೆ ಎರಡರಷ್ಟೂ ಇಲ್ಲ. ಒಂದು ಎತ್ತರದ ಕಂಬ, ಪಕ್ಕದಲ್ಲಿ ನೆಲಕ್ಕೆ ಅಂಟಿದ ಒಂದು ಗೆರೆ: ಚಾರ್ಟು ತಯಾರು. ಅದರ ಕೆಳಗೆ ‘ನೂರರಲ್ಲಿ ಇಬ್ಬರು ದುಡಿದು ತೊಂಬತ್ತೆಂಟು ಮಂದಿಯನ್ನು ಸಾಕುತ್ತಿದ್ದಾರೆ’ ಎಂಬ ಅರ್ಥದ ಸಾಲೊಂದು ಬಂದು ಕೂರುತ್ತದೆ. ಅಂಕಿ ನಿಜ, ಸಾಲು ಸುಳ್ಳು. ಏಕೆಂದರೆ ಚಾರ್ಟು ಹೇಳುತ್ತಿರುವುದು ಒಂದು ಬಗೆಯ ತೆರಿಗೆಯ ಸಂಗತಿ, ಸಾಲು ಹೇಳುತ್ತಿರುವುದು ಎಲ್ಲ ತೆರಿಗೆಯ ಸಂಗತಿ. ಕೇಂದ್ರದ 2025–26ರ ಬಜೆಟ್ ಅಂದಾಜಿನಲ್ಲಿ ಒಟ್ಟು ತೆರಿಗೆ ವರಮಾನ 42.70 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ವ್ಯಕ್ತಿಗಳ ಆದಾಯ ತೆರಿಗೆ 14.38 ಲಕ್ಷ ಕೋಟಿ, ಕಂಪನಿ ತೆರಿಗೆ 10.82, ಜಿಎಸ್‌ಟಿ 11.78, ಅಬಕಾರಿ ಸುಂಕ 3.17, ಆಮದು ಸುಂಕ 2.40. ಇಷ್ಟನ್ನೇ ದುಂಡು ನಕ್ಷೆಯಾಗಿ ಬರೆದರೆ ನೇರ ತೆರಿಗೆಯ ಭಾಗ ಅರ್ಧಕ್ಕಿಂತ ದೊಡ್ಡದಾಗಿ, ಶೇ 59ರಷ್ಟು ಕಾಣುತ್ತದೆ. ಆದರೆ ಬಸವಕಲ್ಯಾಣದ ಮನೆಯೊಂದು ತೆರಿಗೆ ಕೊಡುವುದು ಕೇಂದ್ರಕ್ಕೆ ಮಾತ್ರವೇ? ಕರ್ನಾಟಕದ 2025–26ರ ಬಜೆಟ್ಟಿನಲ್ಲಿ ರಾಜ್ಯದ ಸ್ವಂತ ತೆರಿಗೆಯ ಅಂದಾಜು 2,08,100 ಕೋಟಿ. ಅದರಲ್ಲಿ ವಾಣಿಜ್ಯ ತೆರಿಗೆ 1,20,000 ಕೋಟಿ, ಮದ್ಯದ ಮೇಲಿನ ಅಬಕಾರಿ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿ 28,000 ಕೋಟಿ, ಮೋಟಾರು ವಾಹನ ತೆರಿಗೆ 15,000 ಕೋಟಿ. ರಾಜ್ಯದ ದುಂಡು ನಕ್ಷೆಯಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಕೊಳ್ಳುವವರ ಮೇಲೆ ಬೀಳುವ ತೆರಿಗೆ; ಪ್ರತಿ ರೂಪಾಯಿಯಲ್ಲಿ 19 ಪೈಸೆ ಮದ್ಯದಿಂದ ಬರುತ್ತದೆ. ದಿಲ್ಲಿಯ ವೃತ್ತವನ್ನು ಮಾತ್ರ ತೋರಿಸಿ ಬೆಂಗಳೂರಿನ ವೃತ್ತವನ್ನು ಮರೆಸಿದರೆ ದೇಶದ ತೆರಿಗೆಯ ಅರ್ಧ ಮುಖವಷ್ಟೇ ಕಂಡಂತೆ.

ಚಾರ್ಟು ಕಣ್ಣಿಗೆ ಮೋಸಮಾಡುವುದು ಹೊಸ ಕಾಯಿಲೆಯಲ್ಲ. ಅದು ಚಾರ್ಟಿನ ಜೊತೆಗೇ ಹುಟ್ಟಿದೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ವ್ಯಾಪಾರದ ಲೆಕ್ಕಗಳನ್ನು ರೇಖೆ, ಕಂಬಗಳಾಗಿ ಬರೆದು ತೋರಿಸಿದ. 1801ರಲ್ಲಿ ಬಂದ ಅವನ ಇನ್ನೊಂದು ಪುಸ್ತಕದಲ್ಲಿ ದುಂಡು ನಕ್ಷೆ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅದೇ ಪುಸ್ತಕದಲ್ಲಿ ಯುರೋಪಿನ ದೇಶಗಳ ತೆರಿಗೆ ಭಾರದ ಚಿತ್ರವೂ ಇದೆ. ಪ್ರತಿ ದೇಶಕ್ಕೆ ಅದರ ವಿಸ್ತೀರ್ಣಕ್ಕೆ ತಕ್ಕ ಒಂದು ವೃತ್ತ. ಎಡಕ್ಕೆ ಜನಸಂಖ್ಯೆಯ ಗೆರೆ, ಬಲಕ್ಕೆ ತೆರಿಗೆಯ ಗೆರೆ. ಎರಡರ ತುದಿಗಳನ್ನು ಜೋಡಿಸುವ ಇನ್ನೊಂದು ಓರೆ ಗೆರೆ. ಬ್ರಿಟನ್ನಿನ ಓರೆ ಗೆರೆ ಬಲಕ್ಕೆ ಏರುತ್ತಾ ಹೋದದ್ದನ್ನು ತೋರಿಸಿ ತನ್ನ ದೇಶದವರು ಬೇರೆಯವರಿಗಿಂತ ಹೆಚ್ಚು ತೆರಿಗೆ ಹೊತ್ತಿದ್ದಾರೆ ಎಂದು ಅವನು ವಾದಿಸಿದ. ಆದರೆ ಆ ಗೆರೆ ಎಷ್ಟು ಕಡಿದಾಗಿ ಕಾಣುತ್ತದೆ ಎಂಬುದು ನಡುವಿನ ವೃತ್ತದ ಅಗಲವನ್ನೂ ಅವಲಂಬಿಸಿದೆ. ದೇಶ ವಿಶಾಲವಾದಷ್ಟೂ ವೃತ್ತ ದೊಡ್ಡದು, ಗೆರೆ ಅಷ್ಟೇ ಮೆಲ್ಲನೆ ಏರುತ್ತದೆ. ತೆರಿಗೆಗೆ ಸಂಬಂಧವೇ ಇಲ್ಲದ ನೆಲದ ಅಳತೆ ತೆರಿಗೆಯ ಚಿತ್ರದೊಳಗೆ ಕೈಯಾಡಿಸಿಬಿಟ್ಟಿತು. ಇಂದಿನ ಉದಾಹರಣೆಯೂ ಇದೆ. 2024–25ರಲ್ಲಿ ದೇಶದ ಒಟ್ಟು ಜಿಎಸ್‌ಟಿ ಸಂಗ್ರಹ 22.08 ಲಕ್ಷ ಕೋಟಿ. ಐದು ವರ್ಷಗಳಲ್ಲಿ ದುಪ್ಪಟ್ಟಾಯಿತು ಎಂದು ಪ್ರಚಾರವಾಯಿತು. ಹೋಲಿಕೆಗೆ ತೆಗೆದುಕೊಂಡ ಮೊದಲ ಕಂಬ 2020–21ರದು, 11.37 ಲಕ್ಷ ಕೋಟಿ. ಅದು ಕೊರೊನಾದಿಂದ ಅಂಗಡಿಗಳ ಬಾಗಿಲು ಮುಚ್ಚಿದ ವರ್ಷ. ಅದರ ಹಿಂದಿನ ವರ್ಷದ 12.22 ಲಕ್ಷ ಕೋಟಿಯಿಂದ ಅಳೆದರೆ ಏರಿಕೆ ಶೇ 81. ಬೆಲೆಯೇರಿಕೆಯನ್ನು ಕಳೆದರೆ ಅದು ಇನ್ನೂ ಇಳಿಯುತ್ತದೆ. ಮೊದಲ ಕಂಬ ಯಾವುದು ಎಂದು ಆರಿಸಿಕೊಳ್ಳುವವರ ಕೈಯಲ್ಲಿ ಅರ್ಧ ತೀರ್ಮಾನ ಇರುತ್ತದೆ.

ಈಗ ಊರಿನ ಪ್ರಶ್ನೆಗೆ ಬರೋಣ. ಜಿಲ್ಲಾವಾರು ಸಂಗ್ರಹದ ಪಟ್ಟಿ ಎದುರಿಗಿಟ್ಟುಕೊಂಡು ‘ಬೆಂಗಳೂರು ಕೊಡುತ್ತದೆ, ಬೀದರ್ ತಿನ್ನುತ್ತದೆ’ ಎನ್ನುವ ಮಾತು ವಿಧಾನಸೌಧದ ಪಡಸಾಲೆಯಿಂದ ಚಹಾ ಅಂಗಡಿಯವರೆಗೂ ಓಡಾಡುತ್ತದೆ. ಈ ಪಟ್ಟಿ ಹೇಗೆ ಹುಟ್ಟುತ್ತದೆಂದು ಒಂದು ಸಾಬೂನಿನ ಲೆಕ್ಕದಲ್ಲಿ ನೋಡಿದರೆ ಸಾಕು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಜಿಎಸ್‌ಟಿ ಶೇ 5. ಬೆಂಗಳೂರಿನಲ್ಲಿ ನೋಂದಣಿ ಮಾಡಿಸಿಕೊಂಡ ಕಂಪನಿಯೊಂದು ಬಸವಕಲ್ಯಾಣದ ವ್ಯಾಪಾರಿಗೆ ನೂರು ರೂಪಾಯಿಯ ಸಾಬೂನು ಮಾರಿತು ಎಂದುಕೊಳ್ಳಿ. ಐದು ರೂಪಾಯಿ ತೆರಿಗೆ ಬೆಂಗಳೂರಿನ ಲೆಕ್ಕಕ್ಕೆ ಹೋಯಿತು. ವ್ಯಾಪಾರಿ ಅದನ್ನು 110 ರೂಪಾಯಿಗೆ ಮಾರಿ, ಗಿರಾಕಿಯಿಂದ ಐದೂವರೆ ರೂಪಾಯಿ ತೆರಿಗೆ ಪಡೆದ. ತಾನು ಮೊದಲೇ ಕೊಟ್ಟಿದ್ದ ಐದು ರೂಪಾಯಿಯನ್ನು ಮುರಿದುಕೊಂಡು ಉಳಿದ 50 ಪೈಸೆಯನ್ನು ಕಟ್ಟಿದ. ಬೆಂಗಳೂರಿನ ಖಾತೆಯಲ್ಲಿ ಐದು ರೂಪಾಯಿ, ಬೀದರ್ ಜಿಲ್ಲೆಯ ಖಾತೆಯಲ್ಲಿ 50 ಪೈಸೆ. ಕೊಟ್ಟವರು ಯಾರು? ಐದೂವರೆ ರೂಪಾಯಿಯನ್ನೂ ಕೊಟ್ಟದ್ದು ಬಸವಕಲ್ಯಾಣದ ಓಣಿಯ ಮನೆ. ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಹೀಗೆ ಊರು ಬದಲಿಸಿಬಿಟ್ಟಿತು. ಸಾಬೂನು, ಸಿಮೆಂಟು, ಮೊಬೈಲು, ದ್ವಿಚಕ್ರ ವಾಹನ, ಟಿವಿ, ಮೊಬೈಲಿನ ತಿಂಗಳ ರೀಚಾರ್ಜು, ಯಾವುದನ್ನೇ ತೆಗೆದುಕೊಂಡರೂ ಲೆಕ್ಕದ ಜಾಡು ಇದೇ. ಸಣ್ಣ ಊರಿನಲ್ಲಿ ನಡೆಯುವುದು ಕೊನೆಯ ಮಾರಾಟ, ಕೊನೆಯ ಮಾರಾಟದಲ್ಲಿ ಹೊಸದಾಗಿ ಕಟ್ಟಬೇಕಾದದ್ದು ಅಂಗಡಿಯವನ ಲಾಭಾಂಶದ ಮೇಲಿನ ತೆರಿಗೆಯಷ್ಟೇ. ಹಾಗಾಗಿ ಜಿಲ್ಲಾವಾರು ಪಟ್ಟಿ ಮುಖ್ಯವಾಗಿ ಕಂಪನಿಗಳ ಕಚೇರಿಗಳು ಎಲ್ಲಿವೆ ಎಂಬುದರ ನಕ್ಷೆ.

ಹಿಂದಿನ ಕಲ್ಯಾಣವಾದ ಬಸವಕಲ್ಯಾಣದ ನೆಲದಲ್ಲಿ ನಿಂತು ಈ ಮಾತಾಡುವಾಗ ಇತಿಹಾಸದ ಕಡೆ ತಿರುಗದೆ ಇರುವುದು ಕಷ್ಟ. 11ನೇ ಶತಮಾನದ ನಡುಭಾಗದಲ್ಲಿ ಒಂದನೇ ಸೋಮೇಶ್ವರ ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದ. ಆ ಕಾಲದ ಶಾಸನಗಳು ತೆರಿಗೆಯ ಪದಗಳಿಂದ ತುಂಬಿವೆ: ಸಿದ್ಧಾಯ, ಸುಂಕ, ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಸಣ್ಣಪುಟ್ಟ ತೆರಿಗೆಗಳಿಗೆ ಕಿರುಕುಳ. ಮುಂದೆ ಕಲಚುರಿ ಬಿಜ್ಜಳನ ಆಡಳಿತದಲ್ಲಿ ಭಂಡಾರದ ಹೊಣೆ ಹೊತ್ತವರು ಬಸವಣ್ಣ. ಶರಣರ ಸಾಲಿನಲ್ಲಿ ಸುಂಕ ವಸೂಲಿಯನ್ನೇ ಕಾಯಕವಾಗಿಸಿಕೊಂಡಿದ್ದ ಸುಂಕದ ಬಂಕಣ್ಣ ಎಂಬ ವಚನಕಾರರೂ ಇದ್ದಾರೆ. ಈ ಶಾಸನಗಳಲ್ಲಿ ನನ್ನ ಗಮನ ಸೆಳೆಯುವುದು ತೆರಿಗೆಯನ್ನು ದಾಖಲಿಸಿದ ರೀತಿ. ಎಲೆಯ ಹೇರಿಗೆ ಇಷ್ಟು ಎಲೆ, ಅಡಕೆಯ ಹೇರಿಗೆ ಇಷ್ಟು ಅಡಕೆ, ಗಾಣಕ್ಕೆ ಇಷ್ಟು ಎಣ್ಣೆ ಎಂದು ಯಾವ ಸರಕಿನ ಮೇಲೆ, ಯಾವ ಅಳತೆಗೆ, ಎಷ್ಟು, ಯಾವ ದೇವಾಲಯಕ್ಕೆ ಅಥವಾ ಕೆರೆಗೆ ಎಂಬುದನ್ನು ಕೊಡುವವರ ಊರಿನಲ್ಲೇ ಕಲ್ಲಿನಲ್ಲಿ ಕೊರೆಸಿದ್ದಾರೆ. ಆ ಕಾಲವನ್ನು ಚಿನ್ನದ ಕಾಲವೆಂದು ಹೊಗಳಬೇಕಾಗಿಲ್ಲ. ಶಾಸನಗಳು ದಾನವಾಗಿ ಬಿಟ್ಟುಕೊಟ್ಟ ತೆರಿಗೆಗಳನ್ನು ಹೇಳುತ್ತವೆಯೇ ಹೊರತು ಪ್ರಜೆಯ ಒಟ್ಟು ಹೊರೆಯನ್ನು ಹೇಳುವುದಿಲ್ಲ, ಓದಬಲ್ಲವರೂ ಆಗ ಕೆಲವರೇ. ಆದರೂ ಕೊಡುವ ಊರು, ಕೊಡುವ ಸರಕು, ಸಲ್ಲುವ ಜಾಗ ಮೂರೂ ಒಂದೇ ಕಲ್ಲಿನ ಮೇಲೆ ಇದ್ದವು. 2017ರ ಜುಲೈ 1ರ ನಂತರದ ನಮ್ಮ ವ್ಯವಸ್ಥೆಯಲ್ಲಿ ಬಿಲ್ಲುಗಳ ಲೆಕ್ಕ ಕಂಪ್ಯೂಟರಿನಲ್ಲಿದೆ. ಸಾರ್ವಜನಿಕರಿಗೆ ಸಿಗುವ ಪಟ್ಟಿಯಲ್ಲಿ ಮಾತ್ರ ಕೊಟ್ಟ ಊರಿನ ಹೆಸರು ಅಳಿಸಿಹೋಗಿದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಬಡವರು ಕೊಳ್ಳುವುದು ಹೆಚ್ಚಾಗಿ ಆಹಾರ. ಜೋಳ, ಅಕ್ಕಿ, ಬೇಳೆ, ಬೆಲ್ಲವನ್ನು ಬಿಡಿಯಾಗಿ ಕೊಂಡರೆ ಜಿಎಸ್‌ಟಿ ಇಲ್ಲ. ಹಾಗಿದ್ದ ಮೇಲೆ ಅವರು ಕೊಡುವ ತೆರಿಗೆ ಎಲ್ಲಿಂದ ಬಂತು? 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಮನೆಗಳ ಖರ್ಚಿನಲ್ಲಿ ಶೇ 47, ಪಟ್ಟಣದ ಮನೆಗಳ ಖರ್ಚಿನಲ್ಲಿ ಶೇ 40ರಷ್ಟು ಆಹಾರಕ್ಕೇ ಹೋಗುತ್ತದೆ. ಆದ್ದರಿಂದ ಈ ವಿನಾಯಿತಿ ನಿಜವಾದ ನೆರವು ಎಂಬುದನ್ನು ಒಪ್ಪಲೇಬೇಕು. ಆದರೆ ವಿನಾಯಿತಿ ಎಂದರೆ ಸೊನ್ನೆ ತೆರಿಗೆ ಎಂದಲ್ಲ. ಬೀದರ್–ಕಲಬುರಗಿ ಸೀಮೆಯ ತೊಗರಿಯನ್ನೇ ನೋಡಿ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಚೀಟಿ ಅಂಟಿಸಿ ಕಟ್ಟಿದ ಬೇಳೆ ಪೊಟ್ಟಣಕ್ಕೆ ಶೇ 5 ತೆರಿಗೆ. ಬಿಡಿ ಬೇಳೆಗೆ ಇಲ್ಲ. ತೆರಿಗೆಯಿಲ್ಲದ ಬೇಳೆ ಮಾಡುವ ಗಿರಣಿ ತನ್ನ ಯಂತ್ರ, ಬಿಡಿಭಾಗ, ಚೀಲಗಳ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಮುರಿದುಕೊಳ್ಳುವಂತಿಲ್ಲ, ಅದು ಬೇಳೆಯ ಬೆಲೆಯೊಳಗೆ ಸೇರುತ್ತದೆ. ಅದನ್ನು ಸಾಗಿಸುವ ಲಾರಿಯ ಲೆಕ್ಕ ಇನ್ನೂ ಗಟ್ಟಿ. 2025ರ ಸೆಪ್ಟೆಂಬರ್‌ವರೆಗೆ ಲಾರಿಯ ಮೇಲೆ, ಅದರ ಟೈರಿನ ಮೇಲೆ ಶೇ 28 ಜಿಎಸ್‌ಟಿ ಇತ್ತು, ಈಗ ಶೇ 18. ತೆರಿಗೆ ಬಿಟ್ಟು 30 ಲಕ್ಷ ಬೆಲೆಯ ಲಾರಿಗೆ ಮೊದಲು 8 ಲಕ್ಷ 40 ಸಾವಿರ ತೆರಿಗೆ ಬೀಳುತ್ತಿತ್ತು, ಈಗ 5 ಲಕ್ಷ 40 ಸಾವಿರ. ಬಸವಕಲ್ಯಾಣದಂಥ, ಲಾರಿ ವ್ಯವಹಾರವೇ ಮನೆಮನೆಯ ಬದುಕಾದ ಊರಿಗೆ ಈ ಇಳಿಕೆ ದೊಡ್ಡದು. ಆದರೂ ಒಂದೆರಡು ಗಾಡಿಯಿಟ್ಟುಕೊಂಡು ಬಾಡಿಗೆಗೆ ಓಡಿಸುವ ಸಣ್ಣ ಮಾಲೀಕರಲ್ಲಿ ಹೆಚ್ಚಿನವರಿಗೆ ಈ ತೆರಿಗೆ ಮರಳಿ ಸಿಗುವುದಿಲ್ಲ, ಅದು ಬಾಡಿಗೆಯಲ್ಲಿ ಕರಗಬೇಕು. ಡೀಸೆಲ್ ಅಂತೂ ಜಿಎಸ್‌ಟಿಯ ಹೊರಗೇ ಇದೆ. ಅದರ ತೆರಿಗೆಯನ್ನು ಯಾರೂ ಎಲ್ಲೂ ಮುರಿದುಕೊಳ್ಳುವಂತಿಲ್ಲ. ಮೂರು ತಿಂಗಳಿಗೊಮ್ಮೆ ಕಟ್ಟುವ ವಾಹನ ತೆರಿಗೆ, ಟೋಲ್ ನಾಕೆಯ ಶುಲ್ಕ ಎಲ್ಲವೂ ಸೇರಿ ಬಾಡಿಗೆಯಾಗಿ, ಬಾಡಿಗೆ ಬೇಳೆಯ ಬೆಲೆಯಾಗಿ, ಕೊನೆಗೆ ಕೂಲಿಯವರ ಅಡುಗೆಮನೆ ತಲುಪುತ್ತದೆ. ಬಿಲ್ಲಿನ ಮೇಲೆ ತೆರಿಗೆ ‘ಸೊನ್ನೆ’ ಎಂದೇ ಬರೆದಿರುತ್ತದೆ.

ಹಾಗಾದರೆ ಬಡವರೇ ದೇಶದ ತೆರಿಗೆಯ ಬಹುಪಾಲು ಹೊತ್ತಿದ್ದಾರೆಯೇ? ಈ ವಾದಕ್ಕೂ ಒಂದು ಪ್ರಸಿದ್ಧ ಚಾರ್ಟು ಇದೆ. ಜಿಎಸ್‌ಟಿಯ ಶೇ 64ರಷ್ಟನ್ನು ಕೆಳಗಿನ ಅರ್ಧ ಜನಸಂಖ್ಯೆಯೇ ಕೊಡುತ್ತದೆ ಎಂದು ಆಕ್ಸ್‌ಫ್ಯಾಮ್ ಸಂಸ್ಥೆ 2023ರಲ್ಲಿ ಹೇಳಿತು. ದಿಲ್ಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ ಅಧ್ಯಯನವೊಂದು ಗೃಹಬಳಕೆ ಸಮೀಕ್ಷೆಯ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿ, ಆ ಪಾಲು ಮೂರನೆಯ ಒಂದು ಭಾಗದ ಆಸುಪಾಸು ಎಂದಿತು. ಒಂದೇ ಪ್ರಶ್ನೆಗೆ ಎರಡು ಚಾರ್ಟು, ಒಂದರ ಉತ್ತರ ಇನ್ನೊಂದರ ದುಪ್ಪಟ್ಟು. ಬಡವರ ಪರ ಮಾತನಾಡುವವರಿಗೆ ಮೊದಲನೆಯದು ಹಿತವಾಗಿ ಕೇಳಿಸುತ್ತದೆ. ಆದರೂ ಅದನ್ನು ನಾನು ಒಪ್ಪಲಾರೆ. ದೇಶದ ಒಟ್ಟು ಖರ್ಚಿನಲ್ಲಿ ಕೆಳಗಿನ ಅರ್ಧದವರ ಪಾಲು ಅರ್ಧಕ್ಕಿಂತ ಕಡಿಮೆ. ಅವರ ಖರ್ಚಿನಲ್ಲಿ ವಿನಾಯಿತಿಯುಳ್ಳ ಆಹಾರದ ಪಾಲು ಹೆಚ್ಚು. ಹೆಚ್ಚು ದರದ ಸರಕುಗಳನ್ನು ಕೊಳ್ಳುವವರು ಮೇಲಿನವರು. ಹೀಗಿರುವಾಗ ಮೂರರಲ್ಲಿ ಎರಡು ಪಾಲು ಜಿಎಸ್‌ಟಿ ಅವರಿಂದಲೇ ಬರಲು ಸಾಧ್ಯವಿಲ್ಲ. ನಮ್ಮ ಕಡೆಯ ವಾದಕ್ಕೆ ಅನುಕೂಲವಾದ ತಪ್ಪು ಅಂಕಿ ನಾಳೆ ಆ ವಾದವನ್ನೇ ಕೆಡವುತ್ತದೆ.

ಸರಿಯಾದ ಅಳತೆ ಬೇರೆಯೇ ಇದೆ. ಒಟ್ಟು ಸಂಗ್ರಹದಲ್ಲಿ ಯಾರ ಪಾಲು ಎಷ್ಟು ಎನ್ನುವುದಕ್ಕಿಂತ, ಯಾರ ಗಳಿಕೆಯಲ್ಲಿ ಎಷ್ಟು ಪಾಲು ತೆರಿಗೆಗೆ ಹೋಯಿತು ಎಂದು ಕೇಳಬೇಕು. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಹುಮನಾಬಾದಿನ ಒಂದು ಮನೆಯ ತಿಂಗಳ ಗಳಿಕೆ 15,000 ರೂಪಾಯಿ, ಅಷ್ಟೂ ಖರ್ಚಾಗುತ್ತದೆ. ಬೆಂಗಳೂರಿನ ಒಂದು ಮನೆಯ ಗಳಿಕೆ 2 ಲಕ್ಷ, ಖರ್ಚು 80,000. ಬೆಲೆಗಳ ಒಳಗೆ ಅಡಗಿದ ತೆರಿಗೆ ಇಬ್ಬರಿಗೂ ಸರಾಸರಿ ಶೇ 8 ಎಂದು ಇಟ್ಟುಕೊಂಡರೆ, ಮೊದಲ ಮನೆ 1,200 ರೂಪಾಯಿ ಕೊಡುತ್ತದೆ, ಅದು ಅದರ ಗಳಿಕೆಯ ಶೇ 8. ಎರಡನೆಯ ಮನೆ 6,400 ಕೊಡುತ್ತದೆ, ಅದರ ಗಳಿಕೆಯ ಶೇ 3.2. ಎರಡನೆಯ ಮನೆಯ ಗಳಿಕೆ ಒಬ್ಬರದೇ ಸಂಬಳವಾಗಿದ್ದರೆ 2025–26ರ ಹೊಸ ಪದ್ಧತಿಯಲ್ಲಿ ತಿಂಗಳಿಗೆ ಸುಮಾರು 24,000 ಆದಾಯ ತೆರಿಗೆಯೂ ಬೀಳುತ್ತದೆ, ಎರಡೂ ಸೇರಿದರೆ ಗಳಿಕೆಯ ಶೇ 15ಕ್ಕೂ ಮೇಲೆ. ಹಾಗಾಗಿ ಸಂಬಳದಾರರು ಹೆಚ್ಚು ಕೊಡುತ್ತಿದ್ದಾರೆ ಎಂಬುದು ದಿಟ, ಅವರ ದೂರಿನಲ್ಲಿ ಹುರುಳಿದೆ. ಆದರೆ 15,000ದಲ್ಲಿ ಬದುಕುವ ಮನೆಯಿಂದ ವರ್ಷಕ್ಕೆ 14,400 ರೂಪಾಯಿ ತೆರಿಗೆ ಹೋಗುತ್ತದೆ, ಹೆಚ್ಚುಕಡಿಮೆ ಒಂದು ತಿಂಗಳ ಗಳಿಕೆ. ಆ ಮನೆಯವರನ್ನು ‘ತೆರಿಗೆ ಕೊಡದವರು’ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೇಳುವುದು, ಶಾಲೆಗೆ ಶಿಕ್ಷಕರನ್ನು ಕೇಳುವುದು ತಮ್ಮ ಹಣದ ಲೆಕ್ಕ ಕೇಳಿದಂತೆ.

ಇದೇ ತರ್ಕವನ್ನು ರಾಜ್ಯ ಮತ್ತು ಕೇಂದ್ರದ ನಡುವೆ ಇಟ್ಟು ನೋಡಿದಾಗ ಕನ್ನಡಿಗರಿಗೆಲ್ಲ ಚುರುಕು ಮುಟ್ಟುವ ಸಂಗತಿ ಹೊರಬೀಳುತ್ತದೆ. ಹಂಚಿಕೆಯಾಗುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇತ್ತು, 15ನೇ ಆಯೋಗ 2021–26ರ ಅವಧಿಗೆ ಅದನ್ನು ಶೇ 3.647ಕ್ಕೆ ಇಳಿಸಿತು. ಈ ಇಳಿಕೆಯ ಚರ್ಚೆ ಎಲ್ಲರಿಗೂ ಗೊತ್ತು. ಹಂಚಿಕೆಗೇ ಬಾರದ ಹಣದ ಚರ್ಚೆ ಅಷ್ಟು ನಡೆಯುವುದಿಲ್ಲ. ಮತ್ತೆ ಆ ಒಂದು ಲೀಟರ್ ಡೀಸೆಲ್‌ಗೆ ಬನ್ನಿ. ಕೇಂದ್ರದ 17 ರೂಪಾಯಿ 80 ಪೈಸೆಯಲ್ಲಿ ಮೂಲ ಅಬಕಾರಿ ಸುಂಕ 1 ರೂಪಾಯಿ 80 ಪೈಸೆ ಮಾತ್ರ. ಉಳಿದ 16 ರೂಪಾಯಿ ವಿಶೇಷ ಹೆಚ್ಚುವರಿ ಸುಂಕ, ಕೃಷಿ ಮೂಲಸೌಕರ್ಯದ ಸೆಸ್, ರಸ್ತೆ ಮತ್ತು ಮೂಲಸೌಕರ್ಯದ ಸೆಸ್ ಎಂಬ ಹೆಸರುಗಳಲ್ಲಿದೆ, ಅದನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾಗಿಲ್ಲ. 1 ರೂಪಾಯಿ 80 ಪೈಸೆಯ ಶೇ 41, ಅಂದರೆ 74 ಪೈಸೆ, ಎಲ್ಲ ರಾಜ್ಯಗಳಿಗೂ ಸೇರಿ. ಅದರಲ್ಲಿ 2021–26ರ ಶೇ 3.647ರಂತೆ ಕರ್ನಾಟಕಕ್ಕೆ ಬರುತ್ತಿದ್ದದ್ದು ಮೂರು ಪೈಸೆಗೂ ಕಡಿಮೆ. ದುಂಡು ನಕ್ಷೆಯಲ್ಲಿ ‘ರಾಜ್ಯಗಳಿಗೆ ಶೇ 41’ ಎಂದು ಬರೆದ ದಪ್ಪ ತುಂಡು ಇಡೀ ವೃತ್ತದ ಶೇ 41 ಅಲ್ಲ, ಒಳಗಿನ ಸಣ್ಣ ವೃತ್ತದ ಶೇ 41. ಸೆಸ್ ಹಣ ರಸ್ತೆಗೇ ಬರುತ್ತದಲ್ಲ, ಹೆದ್ದಾರಿ 65 ಅಗಲವಾದದ್ದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಮಾತು. ಕೇಂದ್ರದ ಹಣ ರಾಜ್ಯದೊಳಗೆ ಯೋಜನೆಗಳ ರೂಪದಲ್ಲಿ ಖರ್ಚಾಗುತ್ತದೆ, ಮೂರು ಪೈಸೆಯೇ ಎಲ್ಲವೂ ಅಲ್ಲ. ಆದರೆ ಎಲ್ಲಿ, ಯಾವುದಕ್ಕೆ ಖರ್ಚು ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಆ 16 ರೂಪಾಯಿಯ ಜೊತೆಗೇ ದಿಲ್ಲಿಗೆ ಹೋಗಿರುತ್ತದೆ. ಗಡಿಯ ಲೆಕ್ಕ ನಮಗೆ ಲಾಭವಾಗುವಂತೆಯೂ ತಪ್ಪುತ್ತದೆ ಎಂಬುದನ್ನೂ ಹೇಳಬೇಕು. ತೆಲಂಗಾಣದಲ್ಲಿ ಡೀಸೆಲ್ ಮೇಲಿನ ವ್ಯಾಟ್, ಅಂದರೆ ಮಾರಾಟ ತೆರಿಗೆ, ಶೇ 27, ಕರ್ನಾಟಕಕ್ಕಿಂತ ಹೆಚ್ಚು. ಹೈದರಾಬಾದಿಗೆ ಹೊರಟ ಲಾರಿ ಹುಮನಾಬಾದ್ ಸುತ್ತಮುತ್ತಲೇ ಟ್ಯಾಂಕು ತುಂಬಿಸಿಕೊಂಡರೆ ತೆಲಂಗಾಣದ ರಸ್ತೆಯಲ್ಲಿ ಉರಿಯುವ ಎಣ್ಣೆಯ ತೆರಿಗೆ ಕರ್ನಾಟಕದ ಬೊಕ್ಕಸಕ್ಕೆ ಬೀಳುತ್ತದೆ.

ಬೆಂಗಳೂರಿನವರು ಒಪ್ಪಲು ಹಿಂಜರಿಯುವ ಮಾತೊಂದಿದೆ. ‘ನಾವು ಕೊಟ್ಟಷ್ಟು ನಮಗೆ ಮರಳಿ ಬರುತ್ತಿಲ್ಲ’ ಎಂದು ಕರ್ನಾಟಕ ದಿಲ್ಲಿಯ ಮುಂದೆ ವಾದಿಸುತ್ತದೆ. ಅದೇ ಉಸಿರಿನಲ್ಲಿ, ರಾಜ್ಯದೊಳಗೆ, ಕಲ್ಯಾಣ ಕರ್ನಾಟಕಕ್ಕೆ ಕೊಡುವ ಹಣವನ್ನು ಬೆಂಗಳೂರಿನ ಔದಾರ್ಯವೆಂದು ಎಣಿಸುವವರಿದ್ದಾರೆ. 98ನೇ ತಿದ್ದುಪಡಿಯ ಮೂಲಕ ಸಂವಿಧಾನ ಸೇರಿದ 371(ಜೆ) ವಿಧಿಯಡಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾದಾಗಲೆಲ್ಲ ಈ ಮಾತು ಕೇಳಿಬರುತ್ತದೆ. ಬೆಂಗಳೂರು ನಗರ ಜಿಲ್ಲೆ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ಪಾಲು ಕೊಡುತ್ತದೆ, ತಲಾ ಆದಾಯದಲ್ಲಿ ಮೊದಲ ಸ್ಥಾನದಲ್ಲಿದೆ. ಕಲಬುರಗಿ ವಿಭಾಗದ ಹೆಚ್ಚಿನ ಜಿಲ್ಲೆಗಳು ಪಟ್ಟಿಯ ಕೆಳಭಾಗದಲ್ಲಿವೆ. ಎಣಿಕೆಯ ತಪ್ಪನ್ನೆಲ್ಲ ತಿದ್ದಿದ ಮೇಲೂ ಬೆಂಗಳೂರೇ ಹೆಚ್ಚು ಕೊಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಎಷ್ಟು ಹೆಚ್ಚು ಎಂಬುದು ಇಂದಿನ ಪಟ್ಟಿಯಿಂದ ತಿಳಿಯುವುದಿಲ್ಲ. ಹುಮನಾಬಾದಿನ ಡೀಸೆಲ್, ಬಸವಕಲ್ಯಾಣದ ಲಾರಿ, ಎರಡೂ ಊರುಗಳ ಸಾಬೂನು ಸಿಮೆಂಟುಗಳ ತೆರಿಗೆಯನ್ನು ಆ ಪಟ್ಟಿ ಬೆಂಗಳೂರಿನ ಕಂಬಕ್ಕೇ ಏರಿಸಿದೆ. ಮುಂಬೈಯಲ್ಲಿ ಕೇಂದ್ರ ಕಚೇರಿಯಿರುವ ಕಂಪನಿ ಕರ್ನಾಟಕದಲ್ಲಿ ಗಳಿಸಿದ ಲಾಭದ ತೆರಿಗೆಯನ್ನು ಮುಂಬೈಯಲ್ಲಿ ಕಟ್ಟಿದರೆ ಅದು ಮಹಾರಾಷ್ಟ್ರದ ಕೊಡುಗೆಯಲ್ಲ ಎಂದು ವಾದಿಸುವ ನಾವು, ಬೀದರಿನ ಗಿರಾಕಿಯ ತೆರಿಗೆ ಬೆಂಗಳೂರಿನಲ್ಲಿ ಎಣಿಕೆಯಾದಾಗಲೂ ಅದೇ ಮಾತನ್ನು ಹೇಳಬೇಕು. ದಿಲ್ಲಿಗೆ ಹಿಡಿದ ತಕ್ಕಡಿಯನ್ನೇ ಬೆಂಗಳೂರಿನಲ್ಲೂ ಹಿಡಿಯದಿದ್ದರೆ ನಮ್ಮ ತೂಕಕ್ಕೆ ಬೆಲೆಯಿರುವುದಿಲ್ಲ.

ಕೊನೆಯ ಆಕ್ಷೇಪ ಲೆಕ್ಕಿಗರದು: ಕೊಟ್ಟ ಊರನ್ನು ಪತ್ತೆಹಚ್ಚುವುದು ಅಸಾಧ್ಯ, ಅಂಥ ಅಂಕಿಅಂಶವೇ ಇಲ್ಲ ಎನ್ನುತ್ತಾರೆ. ಬಿಡಿ ಮಾರಾಟದ ಕೊನೆಯ ಗಿರಾಕಿ ಎಲ್ಲಿಯವನೆಂದು ಹೇಳುವುದು ಕಷ್ಟ, ನಿಜ. ಬಸವಕಲ್ಯಾಣದವರು ಸೊಲ್ಲಾಪುರದಲ್ಲಿ, ಹುಮನಾಬಾದಿನವರು ಹೈದರಾಬಾದಿನಲ್ಲಿ ಮದುವೆಯ ಜವಳಿ ಕೊಂಡದ್ದು ಯಾವ ಲೆಕ್ಕಕ್ಕೂ ಸಿಗದು. ಆದರೆ ಸರಕು ಯಾವ ತಾಲ್ಲೂಕಿನವರೆಗೆ ಬಂತು ಎಂಬ ಅಂಕಿ ಸರ್ಕಾರದ ಬಳಿ ಇದೆ. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಇ–ವೇ ಬಿಲ್ ಜಾರಿ ಮಾಡಿದ ಮೊದಲ ರಾಜ್ಯ ಕರ್ನಾಟಕ. 50,000 ರೂಪಾಯಿ ಮೀರಿದ ಸರಕಿಗೆ ಬೇಕಾಗುವ ಆ ಬಿಲ್ಲಿನಲ್ಲಿ ಸರಕಿನ ಮೌಲ್ಯವೂ ತೆರಿಗೆಯೂ ತಲುಪುವ ಊರಿನ ಪಿನ್‌ಕೋಡ್ ಸಹ ನಮೂದಾಗಿರುತ್ತವೆ. ಎಣ್ಣೆ ಕಂಪನಿಗಳ ಬಳಿ ಪ್ರತಿ ಬಂಕಿಗೆ ಎಷ್ಟು ಲೀಟರ್ ಹೋಯಿತೆಂಬ ಲೆಕ್ಕವಿದೆ. ಇವೆರಡನ್ನು ತಾಲ್ಲೂಕುವಾರು ಕೂಡಿಸಿ, ಸಂಗ್ರಹದ ಪಟ್ಟಿಯ ಪಕ್ಕದಲ್ಲೇ ಪ್ರತಿ ವರ್ಷ ಪ್ರಕಟಿಸಲು ಹೊಸ ಕಾನೂನೂ ಬೇಡ, ಹೊಸ ಸಮೀಕ್ಷೆಯೂ ಬೇಡ. ಯಾವ ವ್ಯಾಪಾರಿಯ ಗುಟ್ಟೂ ಅದರಿಂದ ಬಯಲಾಗುವುದಿಲ್ಲ. ಬಸವಕಲ್ಯಾಣದ ಪಿನ್‌ಕೋಡ್ 585327, ಹುಮನಾಬಾದಿನದು 585330. ಈ ಎರಡು ಸಂಖ್ಯೆಗಳ ಮುಂದೆ ವರ್ಷವಿಡೀ ದಾಖಲಾದ ತೆರಿಗೆ ಎಷ್ಟು ಎಂಬುದನ್ನು ವಾಣಿಜ್ಯ ತೆರಿಗೆ ಇಲಾಖೆ ಮುಂದಿನ ಬಜೆಟ್ಟಿಗೆ ಮುನ್ನ ಜನರ ಮುಂದಿಡಲಿ, ಬೀದರಿನ ಶಾಸಕರು ಅದನ್ನು ಸದನದಲ್ಲಿ ಕೇಳಲಿ.